ಡೆಂಗ್ಯೂ ಐಜಿಎಂ ಎಲಿಸಾ: ಜ್ವರದ ದಿನ ಕೇಳುವುದರಿಂದ ರಿಪೋರ್ಟ್ ಬರೆಯುವವರೆಗೆ

ಡೆಂಗ್ಯೂ ಐಜಿಎಂ ಎಲಿಸಾ ಅಂದರೆ ರಕ್ತದಲ್ಲಿ ಡೆಂಗ್ಯೂವಿನ ಐಜಿಎಂ ಪ್ರತಿಕಾಯ ಇದೆಯೇ ಅಂತ ಬಣ್ಣದಿಂದ ಗುರುತಿಸುವ ಪರೀಕ್ಷೆ. ಮಳೆಗಾಲ ಶುರುವಾಯಿತು ಅಂದರೆ ಇದರ ಬಗ್ಗೆ ಲ್ಯಾಬ್‌ನವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನೆಗೆಟಿವ್ ಕಂಟ್ರೋಲ್‌ಗೂ (ಡೆಂಗ್ಯೂ ಇಲ್ಲವೆಂದು ಗೊತ್ತಿರುವ, ಹೋಲಿಕೆಯ ಮಾದರಿ) ಬಣ್ಣ ಬಂದಿದೆ, ಏನು ಮಾಡೋದು? ದಿಢೀರ್ ಕಾರ್ಡ್ ಪರೀಕ್ಷೆಯಲ್ಲಿ ಪಾಸಿಟಿವ್, ಎಲಿಸಾದಲ್ಲಿ ನೆಗೆಟಿವ್, ಯಾವುದನ್ನು ನಂಬೋದು? ಒಂದೇ ಮಾದರಿಗೆ ಬೆಳಿಗ್ಗೆ ಒಂದು ಓಡಿ (ಬಣ್ಣದ ಗಾಢತೆಯ ಅಂಕಿ), ಸಂಜೆ ಇನ್ನೊಂದು ಓಡಿ, ಯಾಕೆ? ಬಹಳ ಜನ ಕಿಟ್ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ. ಕಿಟ್ ಕೆಟ್ಟಿರುವುದು ಅಪರೂಪ. ತಪ್ಪು ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. ಜ್ವರದ ದಿನ ಕೇಳದೆ ರಕ್ತ ತೆಗೆದಿರುತ್ತಾರೆ, ಇಲ್ಲವೇ ಪ್ಲೇಟನ್ನು (ವೆಲ್ ಎಂಬ ಸಣ್ಣ ಗುಳಿಗಳಿರುವ ತಟ್ಟೆ) ಸರಿಯಾಗಿ ತೊಳೆದಿರುವುದಿಲ್ಲ. ಹಾಗಾಗಿ ಆ ಎರಡಕ್ಕೇ ಇಲ್ಲಿ ಜಾಸ್ತಿ ಜಾಗ.

ಇಲ್ಲಿರುವ ಅಳತೆಗಳು ಐಜಿಎಂ ಹಿಡಿಯುವ ಕಿಟ್‌ಗಳಲ್ಲಿ, ಅಂದರೆ ಮ್ಯಾಕ್ ಎಲಿಸಾದಲ್ಲಿ, ಸಾಮಾನ್ಯವಾಗಿ ಕಾಣುವಂಥವು. ಸರ್ಕಾರಿ ಸೆಂಟಿನೆಲ್ (ಡೆಂಗ್ಯೂ ಮೇಲೆ ಕಣ್ಣಿಡಲು ಗೊತ್ತುಮಾಡಿದ) ಆಸ್ಪತ್ರೆಗಳಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ (ಎನ್‌ಐವಿ) ಬರುವುದೂ ಇದೇ ಬಗೆಯ ಕಿಟ್. ಆದರೂ ನಿಮ್ಮ ಕಿಟ್‌ನ ಚೀಟಿ ಬೇರೆ ಹೇಳಿದರೆ ಚೀಟಿಯ ಮಾತೇ ಕೊನೆ. ಹೋದ ತಿಂಗಳು ಗೋಡೆಗೆ ಅಂಟಿಸಿದ ಚೀಟಿ ಅಲ್ಲ, ಈಗ ತೆರೆದ ಡಬ್ಬಿಯೊಳಗಿನದು.

## ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಎಲಿಸಾ ರೀಡರ್ ಬೇಕು, 450 ನ್ಯಾನೋಮೀಟರ್ ಫಿಲ್ಟರ್ ಇರಲೇಬೇಕು. ಜೊತೆಗೆ 620 ಅಥವಾ 630ರ ರೆಫರೆನ್ಸ್ ಫಿಲ್ಟರ್ ಇದ್ದರೆ ಒಳ್ಳೆಯದು. 37 ಡಿಗ್ರಿಯ ಇನ್‌ಕ್ಯುಬೇಟರ್, ಒಳಗೆ ಒಂದು ಬೇರೆ ಥರ್ಮಾಮೀಟರ್ (ಬಾಗಿಲ ಮೇಲಿನ ಅಂಕಿಯನ್ನೇ ನಂಬಬೇಡಿ), ಸೆಂಟ್ರಿಫ್ಯೂಜ್, ಫ್ರಿಜ್, ಟೈಮರ್, ಪ್ಲೇಟ್ ಮುಚ್ಚುವ ಸೀಲರ್, ಡಿಸ್ಟಿಲ್ಡ್ ವಾಟರ್, ನಾರು ಬಿಡದ ಟಿಶ್ಯೂ.

ಪಿಪೆಟ್‌ಗಳಲ್ಲಿ 2ರಿಂದ 20, 20ರಿಂದ 200, 100ರಿಂದ 1000 ಮೈಕ್ರೋಲೀಟರಿನವು, ಮತ್ತೆ ಒಂದು ಎಂಟು ಬಾಯಿಯ ಮಲ್ಟಿಚಾನಲ್. ಪಿಪೆಟ್ ಸರಿಯಿದೆಯೇ ಅಂತ ನೋಡಲು ಸುಲಭ ದಾರಿ ಇದೆ. ಸೂಕ್ಷ್ಮ ತಕ್ಕಡಿ ಇದ್ದರೆ 50 ಮೈಕ್ರೋಲೀಟರ್ ನೀರು ಹಾಕಿ ತೂಗಿ. ಸುಮಾರು 50 ಮಿಲಿಗ್ರಾಂ ಬರಬೇಕು. ಹತ್ತು ಸಲ ಹಾಕಿದಾಗ ಅಂಕಿ ಅತ್ತಿತ್ತ ಓಡಾಡುತ್ತಿದ್ದರೆ ಆ ಪಿಪೆಟ್ ರಿಪೇರಿಗೆ ಹೋಗಲಿ.

## ಹಂತ 1: ಜ್ವರದ ದಿನ ಕೇಳಿ, ಬರೆದುಕೊಳ್ಳಿ

ಡೆಂಗ್ಯೂ ವೈರಸ್ ಮೈಗೆ ಹೊಕ್ಕ ಕೂಡಲೇ ಪ್ರತಿಕಾಯ ಸಿದ್ಧವಾಗುವುದಿಲ್ಲ. ಜ್ವರ ಬಂದ ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ಸೂ ಅದರ ಎನ್‌ಎಸ್1 ಪ್ರೋಟೀನೂ ಸಿಗುತ್ತವೆ. ಐಜಿಎಂ ಪ್ರತಿಕಾಯ ಕೆಲವರಲ್ಲಿ ಮೂರನೇ ದಿನಕ್ಕೇ ಕಾಣಬಹುದು, ಆದರೆ ಬಹುತೇಕರಲ್ಲಿ ಐದನೇ ದಿನದ ನಂತರವೇ. ಹತ್ತನೇ ದಿನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಎರಡು ವಾರದ ಸುಮಾರಿಗೆ ಗರಿಷ್ಠಕ್ಕೆ ಹೋಗಿ, ಎರಡು ಮೂರು ತಿಂಗಳಲ್ಲಿ ಇಳಿದುಹೋಗುತ್ತದೆ.

ಈಗ ಎರಡನೇ ದಿನ ಬಂದ ರೋಗಿಯ ರಕ್ತದಲ್ಲಿ ಐಜಿಎಂ ಹುಡುಕಿದರೆ? ನೆಗೆಟಿವ್ ಬರುತ್ತದೆ. ಪರೀಕ್ಷೆ ಸರಿಯಾಗಿಯೇ ನಡೆದಿರುತ್ತದೆ, ಉತ್ತರ ಮಾತ್ರ ದಾರಿ ತಪ್ಪಿಸುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಐದು ದಿನದೊಳಗೆ ಎನ್‌ಎಸ್1 ಎಲಿಸಾ, ಆಮೇಲೆ ಐಜಿಎಂ ಎಲಿಸಾ. ನಾಲ್ಕು, ಐದು, ಆರನೇ ದಿನದವರಿಗೆ ಎರಡನ್ನೂ ಮಾಡುವುದು ಕ್ಷೇಮ.

ದಿನ ಕೇಳುವುದರಲ್ಲೂ ಒಂದು ಜಾಣ್ಮೆ ಬೇಕು. "ಎಷ್ಟು ದಿನದಿಂದ ಜ್ವರ?" ಅಂದರೆ ಉತ್ತರ "ಎರಡು ಮೂರು ದಿನ ಆಯ್ತು ಸಾರ್". ಅದು ಐದೂ ಆಗಿರಬಹುದು. ಬದಲಿಗೆ, "ಅಮ್ಮಾ, ಜ್ವರ ಶುರುವಾದ ದಿನ ಯಾವ ವಾರ? ಸಂತೆಗೆ ಮುಂಚೆಯಾ, ಆಮೇಲಾ? ಮೊದಲ ಮಾತ್ರೆ ಯಾವಾಗ ತಗೊಂಡ್ರಿ?" ಅಂತ ಕೇಳಿ. ವಾರ ಸಿಕ್ಕಿದರೆ ಕ್ಯಾಲೆಂಡರ್ ನೋಡಿ ತಾರೀಖು ಬರೆಯಿರಿ. ಫಾರಂನಲ್ಲಿ "3 ದಿನ" ಅಂತ ಬರೆದರೆ ಅದು ಯಾವತ್ತಿನಿಂದ ಮೂರು ದಿನ ಅಂತ ನಾಳೆ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಮಟ್ಟಿಗೆ ಇದು ಖಡಾಖಂಡಿತ: ಜ್ವರದ ತಾರೀಖು ಇಲ್ಲದ ಮಾದರಿ ಪ್ಲೇಟಿಗೆ ಹೋಗಬಾರದು. ಫೋನ್ ಮಾಡಿ ಕೇಳಲು ಎರಡು ನಿಮಿಷ ಸಾಕು.

ಇನ್ನೂ ಎರಡು ವಿಷಯ ಇದೇ ಫಾರಂನಲ್ಲಿ ಬರಲಿ. ಜಪಾನೀಸ್ ಎನ್‌ಸೆಫಲೈಟಿಸ್, ಯೆಲ್ಲೋ ಫೀವರ್ ಅಥವಾ ಮಂಗನ ಕಾಯಿಲೆಯ ಲಸಿಕೆ ತೆಗೆದುಕೊಂಡಿದ್ದಾರಾ? ಕಾಡಿಗೆ ಹೋಗಿ ಬಂದಿದ್ದಾರಾ? ಇದು ಯಾಕೆ ಅನ್ನುವುದು ರಿಪೋರ್ಟಿನ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 2: ರಕ್ತ ತೆಗೆದು ಸೀರಮ್ ಬೇರ್ಪಡಿಸಿ

3ರಿಂದ 5 ಮಿಲಿಲೀಟರ್ ರಕ್ತ ಸಾಕು. ಕೆಂಪು ಮುಚ್ಚಳದ ಟ್ಯೂಬ್, ಇಲ್ಲವೇ ಜೆಲ್ ಇರುವ ಹಳದಿ ಮುಚ್ಚಳದ್ದು. ಪ್ಲೇಟ್‌ಲೆಟ್ ಎಣಿಕೆಗೆ ತೆಗೆದ ನೇರಳೆ ಟ್ಯೂಬಿನಲ್ಲೇ ಮುಗಿಸೋಣ ಅನ್ನಬೇಡಿ. ಟ್ಯೂಬಿನ ಮೇಲೆ ಹೆಸರು, ನಂಬರ್, ತಾರೀಖು ರೋಗಿಯ ಎದುರಿಗೇ ಬರೆಯಿರಿ.

ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ಬಿಡಿ. ರಕ್ತ ಪೂರ್ತಿ ಹೆಪ್ಪುಗಟ್ಟಬೇಕು. ಅವಸರ ಮಾಡಿ ತಿರುಗಿಸಿದರೆ ಸೀರಮ್‌ನಲ್ಲಿ ಫೈಬ್ರಿನ್ ಎಳೆಗಳು ಉಳಿಯುತ್ತವೆ. ಆ ಎಳೆ ಟಿಪ್‌ನ ತುದಿಗೆ ಸಿಕ್ಕಿಕೊಂಡರೆ ನೀವು ಎಳೆದದ್ದು 5 ಮೈಕ್ರೋಲೀಟರೋ ಮೂರೋ ಹೇಳುವಂತಿಲ್ಲ. ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಬೇರೆ ವಯಲ್‌ಗೆ ತೆಗೆಯಿರಿ.

ಸೀರಮ್ ತಿಳಿ ಹಳದಿ ಬಣ್ಣದಲ್ಲಿರಬೇಕು. ಕೆಂಪಾಗಿದ್ದರೆ ರಕ್ತಕಣ ಒಡೆದಿದೆ, ಹಾಲಿನ ಹಾಗೆ ಬಿಳಿಚಿದ್ದರೆ ಕೊಬ್ಬು ಜಾಸ್ತಿ. ಸ್ವಲ್ಪ ಕೆಂಪಿದ್ದರೆ ನಡೆಯುತ್ತದೆ, ಗಾಢವಾಗಿದ್ದರೆ ಮತ್ತೆ ರಕ್ತ ಕೇಳಿ.

ಒಂದೆರಡು ದಿನದಲ್ಲಿ ಪರೀಕ್ಷೆ ಮಾಡುವುದಾದರೆ 2ರಿಂದ 8 ಡಿಗ್ರಿಯಲ್ಲಿಡಿ. ತಡವಾಗುವುದಾದರೆ ಮೈನಸ್ 20ರಲ್ಲಿ. ಸೀರಮ್ ಬೇರ್ಪಡಿಸದ ರಕ್ತವನ್ನು ಯಾವತ್ತೂ ಫ್ರೀಜರ್‌ಗೆ ಹಾಕಬೇಡಿ, ಕಣಗಳೆಲ್ಲ ಒಡೆದುಹೋಗುತ್ತವೆ. ಪದೇ ಪದೇ ಕರಗಿಸಿ ಗಟ್ಟಿ ಮಾಡುವುದೂ ಬೇಡ. ಕಳಿಸುವಾಗ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ ಕಳಿಸಿ. ಫಾರಂಗಳನ್ನು ಬೇರೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಕರಗಿದ ಐಸಿನ ನೀರಿಗೆ ಶಾಯಿ ಹರಡಿ ಹೆಸರೇ ಓದಲಾಗದ ಫಾರಂಗಳು ಈಗಲೂ ಬರುತ್ತಿವೆ.

## ಹಂತ 3: ಕಿಟ್ ಹೊರಗಿಡಿ, ಪ್ಲೇಟಿನ ನಕ್ಷೆ ಬರೆಯಿರಿ

ಕಿಟ್‌ನ ಎಲ್ಲ ಬಾಟಲಿಗಳೂ ಪ್ಲೇಟೂ ಕೋಣೆಯ ಉಷ್ಣತೆಗೆ ಬರಬೇಕು. ಅರ್ಧ ಗಂಟೆ ಬೇಕಾಗುತ್ತದೆ. ತಣ್ಣಗಿರುವ ಪೌಚನ್ನು ಕತ್ತರಿಸಿದರೆ ವೆಲ್‌ಗಳ ಒಳಗೆ ತೇವ ಕೂರುತ್ತದೆ. ಬೇಕಾದಷ್ಟೇ ಸ್ಟ್ರಿಪ್ ತೆಗೆದು, ಉಳಿದವನ್ನು ತೇವ ಹೀರುವ ಪುಡಿಯ ಚೀಲದ ಜೊತೆ ಮತ್ತೆ ಸೀಲ್ ಮಾಡಿ ಫ್ರಿಜ್‌ಗೆ ಹಾಕಿ.

ವಾಶ್ ಬಫರ್ (ತೊಳೆಯುವ ದ್ರಾವಣ) ಸಾಂದ್ರ ದ್ರವವಾಗಿ ಬರುತ್ತದೆ. ಫ್ರಿಜ್ಜಿನಲ್ಲಿದ್ದಾಗ ಅದರ ತಳದಲ್ಲಿ ಉಪ್ಪಿನ ಹರಳು ಕೂತಿರುತ್ತದೆ. ಅದನ್ನು ಕರಗಿಸದೆ ಮೇಲಿನ ನೀರನ್ನಷ್ಟೇ ಅಳೆದು ಬೆರೆಸಿದರೆ ಇವತ್ತಿನ ಬಫರ್ ತೆಳು, ಬಾಟಲಿಯ ಕೊನೆಯ ಬಫರ್ ದಪ್ಪ. 37 ಡಿಗ್ರಿಯಲ್ಲಿಟ್ಟು ಹರಳು ಪೂರ್ತಿ ಕರಗಿದ ಮೇಲೆ ಅಳೆಯಿರಿ. ನಲ್ಲಿ ನೀರು ಬೇಡವೇ ಬೇಡ.

ಯಾವ ವೆಲ್‌ನಲ್ಲಿ ಯಾರದು ಅನ್ನುವ ನಕ್ಷೆ ಕಾಗದದ ಮೇಲೆ ಮೊದಲೇ ಸಿದ್ಧವಿರಲಿ. ಎಲ್ಲಕ್ಕಿಂತ ಮೊದಲು ಕಂಟ್ರೋಲ್‌ಗಳು, ಆಮೇಲೆ ಮಾದರಿಗಳು. ನೆಗೆಟಿವ್ ಕಂಟ್ರೋಲ್ ಎರಡು ವೆಲ್‌ನಲ್ಲಿರಲಿ. ಸ್ಟ್ರಿಪ್‌ಗಳ ತುದಿಗೆ ಮಾರ್ಕರಿನಲ್ಲಿ ನಂಬರ್ ಹಾಕಿ. ತೊಳೆಯುವಾಗ ಸ್ಟ್ರಿಪ್ ಕಳಚಿ ಬಿದ್ದು, ಉಲ್ಟಾ ಜೋಡಿಸಿದರೆ ಹನ್ನೆರಡು ಗಂಟೆಯ ಮಾದರಿ ಹತ್ತು ಗಂಟೆಯವರ ಹೆಸರಿಗೆ ಹೋಗುತ್ತದೆ.

ಪ್ಲೇಟ್ ತುಂಬಲಿ ಅಂತ ಮಾದರಿಗಳನ್ನು ವಾರಗಟ್ಟಲೆ ಕಾಯಿಸುವ ಅಭ್ಯಾಸ ಕೆಲವು ಕಡೆ ಇದೆ. ಸ್ಟ್ರಿಪ್‌ಗಳನ್ನು ಬಿಡಿಸಬಹುದಾದ ಹಾಗೆ ಮಾಡಿರುವುದೇ ಆರೇಳು ಮಾದರಿ ಇದ್ದರೂ ಪರೀಕ್ಷೆ ನಡೆಯಲಿ ಅಂತ. ರೋಗಿ ಮನೆಗೆ ಹೋದ ಮೇಲೆ ಬರುವ ರಿಪೋರ್ಟಿನಿಂದ ಯಾರಿಗೇನು ಉಪಯೋಗ?

## ಹಂತ 4: ಸೀರಮ್ ತೆಳು ಮಾಡಿ

ಹಲವು ಕಿಟ್‌ಗಳಲ್ಲಿ 1:100. 2 ಮೈಕ್ರೋಲೀಟರ್ ಸೀರಮ್‌ಗೆ 198 ಮೈಕ್ರೋಲೀಟರ್ ಬಫರ್ ಅಂದರೆ ಲೆಕ್ಕ ಸರಿ. ಆದರೆ 2 ಮೈಕ್ರೋಲೀಟರ್ ಅಳೆಯುವುದರಲ್ಲಿ ಟಿಪ್‌ನ ಹೊರಗೆ ಅಂಟಿದ ಒಂದು ತೊಟ್ಟೇ ಫಲಿತಾಂಶ ಬದಲಿಸಬಲ್ಲದು. 5 ಸೀರಮ್‌ಗೆ 495 ಬಫರ್ ಹಾಕುವುದು ವಾಸಿ. ಡಬ್ಬಿಯಲ್ಲಿರುವ ಬಫರ್ ಎಲ್ಲ ಮಾದರಿಗೂ ಸಾಕಾಗುತ್ತದಾ ಅಂತ ಮೊದಲು ಲೆಕ್ಕ ಹಾಕಿಕೊಳ್ಳಿ.

ಟಿಪ್‌ನ ತುದಿಯನ್ನು ಸೀರಮ್‌ನಲ್ಲಿ ಆಳಕ್ಕೆ ಮುಳುಗಿಸಬೇಡಿ, ಮೇಲ್ಮೈಯಿಂದ ಸ್ವಲ್ಪವೇ ಕೆಳಗಿರಲಿ. ಹೊರಗೆ ತೆಗೆಯುವಾಗ ವಯಲ್‌ನ ಗೋಡೆಗೆ ತಾಗಿಸಿ ತೊಟ್ಟು ಬಿಡಿಸಿ. ಬಫರ್‌ಗೆ ಬಿಟ್ಟ ಮೇಲೆ ಮೂರ್ನಾಲ್ಕು ಸಲ ಮೇಲೆ ಕೆಳಗೆ ಎಳೆದು ಬೆರೆಸಿ. ಪ್ರತಿ ಮಾದರಿಗೆ ಹೊಸ ಟಿಪ್, ಇದರಲ್ಲಿ ಉಳಿತಾಯ ನೋಡಬೇಡಿ.

ಕಂಟ್ರೋಲ್‌ಗಳನ್ನು ತೆಳು ಮಾಡಬೇಕಾ ಬೇಡವಾ ಅಂತ ಚೀಟಿ ನೋಡಿ. ಎಷ್ಟೋ ಕಿಟ್‌ಗಳಲ್ಲಿ ಅವು ಸಿದ್ಧವಾಗಿಯೇ ಬರುತ್ತವೆ. ಅಂಥದ್ದನ್ನು ಮತ್ತೆ ನೂರು ಪಟ್ಟು ತೆಳು ಮಾಡಿದರೆ ಪಾಸಿಟಿವ್ ಕಂಟ್ರೋಲ್ ಮೇಲೇಳುವುದೇ ಇಲ್ಲ.

## ಹಂತ 5: ಒಂದರ ಮೇಲೊಂದು ಪದರ

ಯಾವ ಬಾಟಲಿ ಯಾಕೆ ಅಂತ ಗೊತ್ತಿದ್ದರೆ ಕ್ರಮ ತಪ್ಪುವುದಿಲ್ಲ. ವೆಲ್‌ನ ತಳದಲ್ಲಿ ಮನುಷ್ಯರ ಐಜಿಎಂ ಅನ್ನು ಹಿಡಿಯುವ ಪ್ರತಿಕಾಯವನ್ನು ಅಂಟಿಸಿರುತ್ತಾರೆ. ಸೀರಮ್ ಹಾಕಿದಾಗ ಅದು ಎಲ್ಲ ಬಗೆಯ ಐಜಿಎಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಡೆಂಗ್ಯೂವಿನದು ಮಾತ್ರ ಅಲ್ಲ. ನಂತರ ಡೆಂಗ್ಯೂ ಆಂಟಿಜನ್ (ವೈರಸ್‌ನ ಅಂಶ) ಹಾಕಿದರೆ ಡೆಂಗ್ಯೂ ಐಜಿಎಂ ಇರುವಲ್ಲಿ ಮಾತ್ರ ಅದು ನಿಲ್ಲುತ್ತದೆ. ಅದರ ಮೇಲೆ ಬಯೋಟಿನ್ ಹಚ್ಚಿದ ಡೆಂಗ್ಯೂ ಪ್ರತಿಕಾಯ, ಅದಕ್ಕೆ ಅಂಟುವ ಅವಿಡಿನ್ ಎಚ್‌ಆರ್‌ಪಿ (ಎಚ್‌ಆರ್‌ಪಿ ಅಂದರೆ ಬಣ್ಣ ಬರಿಸುವ ಕಿಣ್ವ). ಕೊನೆಗೆ ಟಿಎಂಬಿ ಎಂಬ ದ್ರಾವಣ ಹಾಕಿದಾಗ ಎಚ್‌ಆರ್‌ಪಿ ಉಳಿದ ಕಡೆ ನೀಲಿ ಬಣ್ಣ ಬರುತ್ತದೆ. ಕೆಲವು ಕಿಟ್‌ಗಳಲ್ಲಿ ಒಂದೆರಡು ಪದರ ಸೇರಿಸಿಯೇ ಕೊಟ್ಟಿರುತ್ತಾರೆ.

ಸಾಮಾನ್ಯ ಕ್ರಮ ಹೀಗೆ:

1. ಖಾಲಿ ವೆಲ್‌ಗಳನ್ನು ಒಮ್ಮೆ ವಾಶ್ ಬಫರ್‌ನಲ್ಲಿ ತೊಳೆಯಿರಿ, ಚೀಟಿ ಹೇಳಿದ್ದರೆ.
2. ತೆಳು ಮಾಡಿದ ಸೀರಮ್ ಮತ್ತು ಕಂಟ್ರೋಲ್ 50 ಮೈಕ್ರೋಲೀಟರ್. 37 ಡಿಗ್ರಿ, ಒಂದು ಗಂಟೆ. ತೊಳೆಯಿರಿ.
3. ಆಂಟಿಜನ್ 50 ಮೈಕ್ರೋಲೀಟರ್. 37 ಡಿಗ್ರಿ, ಒಂದು ಗಂಟೆ. ತೊಳೆಯಿರಿ.
4. ಬಯೋಟಿನ್ ಹಚ್ಚಿದ ಪ್ರತಿಕಾಯ 50 ಮೈಕ್ರೋಲೀಟರ್. 37 ಡಿಗ್ರಿ, ಒಂದು ಗಂಟೆ. ತೊಳೆಯಿರಿ.
5. ಅವಿಡಿನ್ ಎಚ್‌ಆರ್‌ಪಿ 50 ಮೈಕ್ರೋಲೀಟರ್. 37 ಡಿಗ್ರಿ, ಅರ್ಧ ಗಂಟೆ. ತೊಳೆಯಿರಿ.

ಪ್ರತಿ ಸಲವೂ ಸೀಲರ್ ಅಂಟಿಸಿ. ಮುಚ್ಚದೆ ಬಿಟ್ಟರೆ ಅಂಚಿನ ವೆಲ್‌ಗಳು ಬೇಗ ಒಣಗಿ, ಅವುಗಳ ಓಡಿ ಸುಮ್ನೆ ಏರುತ್ತದೆ. ಪ್ಲೇಟ್ ಮೇಲೆ ಪ್ಲೇಟ್ ಪೇರಿಸಬೇಡಿ, ನಡುವಿನದಕ್ಕೆ ಬಿಸಿ ತಡವಾಗಿ ತಲುಪುತ್ತದೆ. ಪೂರ್ತಿ ಪ್ಲೇಟಿಗೆ ಒಂದೇ ಬಾಯಿಯ ಪಿಪೆಟ್‌ನಲ್ಲಿ ಹಾಕುತ್ತಾ ಕೂತರೆ ಮೊದಲ ವೆಲ್‌ಗೂ ಕೊನೆಯದಕ್ಕೂ ಹತ್ತು ನಿಮಿಷದ ಅಂತರ ಬೀಳುತ್ತದೆ. ಇಂಥ ಕಡೆ ಮಲ್ಟಿಚಾನಲ್ ಬಳಸಿ. ಹಾಕಿದ ಕ್ರಮದಲ್ಲೇ, ಅದೇ ವೇಗದಲ್ಲೇ ಮುಂದಿನದನ್ನೂ ಹಾಕಿ.

ಒಂದು ಲಾಟಿನ ಆಂಟಿಜನ್, ಇನ್ನೊಂದು ಲಾಟಿನ ಅವಿಡಿನ್ ಸೇರಿಸಿ ಪರೀಕ್ಷೆ ಮುಗಿಸುವುದು ಬೇಡ. ಮತ್ತೆ ನೀವೇ ಬಫರ್ ತಯಾರಿಸುವುದಾದರೆ ಅದರಲ್ಲಿ ಸೋಡಿಯಂ ಅಜೈಡ್ ಇರದಂತೆ ನೋಡಿಕೊಳ್ಳಿ. ಅದು ಎಚ್‌ಆರ್‌ಪಿಯ ಕೆಲಸವನ್ನೇ ನಿಲ್ಲಿಸುತ್ತದೆ.

## ಹಂತ 6: ತೊಳೆಯುವುದು

ಅರ್ಧದಷ್ಟು ದೂರುಗಳು ಇಲ್ಲಿಗೇ ಬಂದು ನಿಲ್ಲುತ್ತವೆ ಅಂದರೆ ಅತಿಶಯವಲ್ಲ. ಅಂಟದೆ ಉಳಿದದ್ದೆಲ್ಲ ಹೊರಗೆ ಹೋಗಬೇಕು. ಒಂದು ವೆಲ್‌ನಲ್ಲಿ ಎಚ್‌ಆರ್‌ಪಿಯ ಚೂರು ಉಳಿದರೂ ಅಲ್ಲಿ ನೀಲಿ ಬರುತ್ತದೆ, ಡೆಂಗ್ಯೂ ಇಲ್ಲದಿದ್ದರೂ.

ಕೈಯಲ್ಲಿ ತೊಳೆಯುವ ರೀತಿ ಇದು. ಮೊದಲು ವೆಲ್‌ಗಳಲ್ಲಿರುವುದನ್ನು ಸಿಂಕಿನೊಳಗಿಟ್ಟ ಪಾತ್ರೆಗೆ ಒಂದೇ ಏಟಿಗೆ ಸುರಿಯಿರಿ. ನಿಧಾನ ಬಗ್ಗಿಸಿದರೆ ಒಂದರದ್ದು ಇನ್ನೊಂದಕ್ಕೆ ಹರಿಯುತ್ತದೆ. ಪ್ರತಿ ವೆಲ್‌ಗೆ 300 ಮೈಕ್ರೋಲೀಟರಿನಷ್ಟು ವಾಶ್ ಬಫರ್ ತುಂಬಿ. ಬಾಯಿಯವರೆಗೆ ಬರಬೇಕು, ಪಕ್ಕಕ್ಕೆ ಉಕ್ಕಬಾರದು. ಅರ್ಧ ನಿಮಿಷ ಹಾಗೇ ಬಿಡಿ. ಈ ಅರ್ಧ ನಿಮಿಷವನ್ನು ಎಲ್ಲರೂ ನುಂಗಿಹಾಕುತ್ತಾರೆ. ತುಂಬಿದ ಕೂಡಲೇ ಚೆಲ್ಲಿದರೆ ಗೋಡೆಗಂಟಿದ್ದು ಬಿಡುವುದಿಲ್ಲ. ಹೀಗೆ ಐದು ಸಲ. ಕೊನೆಯ ಸಲ ಚೆಲ್ಲಿದ ಮೇಲೆ ಟಿಶ್ಯೂ ಹಾಸಿ, ಪ್ಲೇಟನ್ನು ಬೋರಲು ಹಾಕಿ ಗಟ್ಟಿಯಾಗಿ ಕುಟ್ಟಿ. ಟಿಶ್ಯೂ ಬದಲಿಸಿ ಮತ್ತೆ ಕುಟ್ಟಿ. ಒದ್ದೆ ಉಂಗುರದ ಗುರುತು ಮೂಡುವುದು ನಿಲ್ಲುವವರೆಗೆ.

ಆಮೇಲೆ ತಡಮಾಡಬೇಡಿ. ತೊಳೆದಿಟ್ಟು ಚಹಾಕ್ಕೆ ಹೋಗಿ ಬಂದರೆ ವೆಲ್ ಒಣಗಿ ಪ್ರತಿಕಾಯಗಳು ಹಾಳಾಗುತ್ತವೆ. ಮುಂದಿನ ಬಾಟಲಿ ಕೈಯಲ್ಲಿಟ್ಟುಕೊಂಡೇ ತೊಳೆಯಲು ಶುರು ಮಾಡಿ.

ವಾಶರ್ ಮೆಷಿನ್ ಇರುವವರು ಬೆಳಿಗ್ಗೆ ಡಿಸ್ಟಿಲ್ಡ್ ವಾಟರ್ ಹಾಕಿ ಒಂದು ಸುತ್ತು ಓಡಿಸಿ. ಎಂಟೂ ಸೂಜಿಗಳಿಂದ ಒಂದೇ ಸಮ ನೀರು ಬರುತ್ತಿದೆಯಾ ನೋಡಿ. ಒಂದು ಸೂಜಿಗೆ ಉಪ್ಪು ಕಟ್ಟಿಕೊಂಡಿದ್ದರೆ ಪ್ಲೇಟಿನ ಒಂದು ಇಡೀ ಸಾಲು ಪಾಸಿಟಿವ್ ಆಗಿ ಕಾಣುತ್ತದೆ. ರಾತ್ರಿ ಮುಚ್ಚುವ ಮುಂಚೆಯೂ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದರೆ ಈ ತೊಂದರೆ ಬರುವುದಿಲ್ಲ.

## ಹಂತ 7: ಬಣ್ಣ ಬರಿಸಿ, ಓಡಿ ಓದಿ

ಟಿಎಂಬಿ ಬಣ್ಣವಿಲ್ಲದೆ ಇರಬೇಕು. ಬಾಟಲಿಯಲ್ಲೇ ನೀಲಿ ಛಾಯೆ ಇದ್ದರೆ ಅದು ಕೆಟ್ಟಿದೆ, ಬಳಸಬೇಡಿ. ಬೇಕಾದಷ್ಟನ್ನು ಬೇರೆ ಪಾತ್ರೆಗೆ ಸುರಿದುಕೊಳ್ಳಿ, ಉಳಿದದ್ದನ್ನು ವಾಪಸ್ ಬಾಟಲಿಗೆ ಹಾಕಬೇಡಿ. ಅವಿಡಿನ್ ಎಚ್‌ಆರ್‌ಪಿಗೆ ಬಳಸಿದ ತೊಟ್ಟಿಯಲ್ಲೇ ಟಿಎಂಬಿ ಸುರಿದರೆ ಅಲ್ಲೇ ನೀಲಿಯಾಗುತ್ತದೆ.

ಪ್ರತಿ ವೆಲ್‌ಗೆ 100 ಮೈಕ್ರೋಲೀಟರ್ ಹಾಕಿ, ಕತ್ತಲಲ್ಲಿ ಹತ್ತು ನಿಮಿಷ ಬಿಡಿ. ಡ್ರಾಯರಿನೊಳಗೆ ಇಟ್ಟರೂ ಆಯಿತು. ಬಣ್ಣ ಕಮ್ಮಿ ಅನ್ನಿಸಿತು ಅಂತ ಇನ್ನೈದು ನಿಮಿಷ ಜಾಸ್ತಿ ಬಿಡಬೇಡಿ. ನಂತರ 100 ಮೈಕ್ರೋಲೀಟರ್ ಸ್ಟಾಪ್ ಸೊಲ್ಯೂಷನ್. ಇದು ಗಂಧಕಾಮ್ಲ, ಗ್ಲೌಸ್ ಮತ್ತು ಕನ್ನಡಕ ಇರಲಿ. ನೀಲಿ ಹಳದಿಯಾಗುತ್ತದೆ. ಗುಳ್ಳೆಗಳಿದ್ದರೆ ಸ್ವಚ್ಛ ಟಿಪ್‌ನಿಂದ ಒಡೆಯಿರಿ, ಪ್ಲೇಟಿನ ತಳವನ್ನು ಒರೆಸಿ, ಹತ್ತು ನಿಮಿಷದೊಳಗೆ 450ರಲ್ಲಿ ಓದಿ.

## ಹಂತ 8: ಮೊದಲು ಕಂಟ್ರೋಲ್ ನೋಡಿ, ಆಮೇಲೆ ರೋಗಿ

ಕಂಟ್ರೋಲ್‌ಗಳು ಚೀಟಿ ಹೇಳಿದ ಮಿತಿಯಲ್ಲಿಲ್ಲದಿದ್ದರೆ ಆ ಇಡೀ ಪ್ಲೇಟ್ ಅಮಾನ್ಯ. ಅಲ್ಲಿ ಎದ್ದು ಕಾಣುವ ಪಾಸಿಟಿವ್ ಇದ್ದರೂ ರಿಪೋರ್ಟ್ ಕೊಡುವಂತಿಲ್ಲ.

ಲೆಕ್ಕದ ಒಂದು ಉದಾಹರಣೆ ನೋಡೋಣ. ನಿಮ್ಮ ಕಿಟ್ ನೆಗೆಟಿವ್ ಕಂಟ್ರೋಲ್‌ನ ಸರಾಸರಿಯ ನಾಲ್ಕು ಪಟ್ಟು ಕಟ್‌ಆಫ್ (ಅದಕ್ಕಿಂತ ಮೇಲಾದರೆ ಪಾಸಿಟಿವ್) ಅನ್ನುತ್ತದೆ ಅಂದುಕೊಳ್ಳಿ. ಎರಡು ನೆಗೆಟಿವ್ ವೆಲ್‌ಗಳು 0.08 ಮತ್ತು 0.09. ಸರಾಸರಿ 0.085. ಕಟ್‌ಆಫ್ 0.34. ಒಬ್ಬರ ಓಡಿ 1.10, ಇನ್ನೊಬ್ಬರದು 0.12. ಇವೆರಡರಲ್ಲಿ ಗೊಂದಲವಿಲ್ಲ. ಮೂರನೆಯವರದು 0.36. ಅಂಕಿ ಪ್ರಕಾರ ಪಾಸಿಟಿವ್, ಆದರೆ ಕಟ್‌ಆಫ್‌ಗೆ ಒರಸಿಕೊಂಡಿದೆ. ಇಂಥದ್ದನ್ನು ಎರಡು ವೆಲ್‌ನಲ್ಲಿ ಮತ್ತೆ ಮಾಡಿ. ಮತ್ತೂ ಹಾಗೇ ಬಂದರೆ ನಾಲ್ಕೈದು ದಿನ ಬಿಟ್ಟು ಹೊಸ ರಕ್ತ ಕೇಳಿ.

ಪ್ರತಿ ಸಲದ ಕಂಟ್ರೋಲ್ ಓಡಿಯನ್ನು ಒಂದು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುತ್ತಾ ಹೋಗಿ. ಪಾಸಿಟಿವ್ ಕಂಟ್ರೋಲ್ ಇನ್ನೂ ಮಿತಿಯೊಳಗಿದ್ದರೂ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಫ್ರಿಜ್ ಕೈಕೊಡುತ್ತಿದೆ ಅಥವಾ ಕಿಟ್ ಹಳತಾಗುತ್ತಿದೆ ಅಂತ ಮೊದಲೇ ತಿಳಿಯುತ್ತದೆ.

## ಹಂತ 9: ರಿಪೋರ್ಟ್ ಬರೆಯುವಾಗ

ಬರೀ "ಪಾಸಿಟಿವ್", "ನೆಗೆಟಿವ್" ಸಾಲದು. ರಿಪೋರ್ಟಿನಲ್ಲಿ ಪರೀಕ್ಷೆಯ ವಿಧ, ಜ್ವರ ಶುರುವಾದ ತಾರೀಖು, ರಕ್ತ ತೆಗೆದ ತಾರೀಖು ಇರಲೇಬೇಕು.

ಐದು ದಿನದೊಳಗಿನ ನೆಗೆಟಿವ್‌ಗೆ "ಡೆಂಗ್ಯೂ ಇಲ್ಲವೆಂದು ಇದರಿಂದ ಹೇಳಲಾಗದು, ಎನ್‌ಎಸ್1 ಮಾಡಿಸಿ ಅಥವಾ ಕೆಲವು ದಿನ ಬಿಟ್ಟು ಐಜಿಎಂ ಮತ್ತೆ ಮಾಡಿಸಿ" ಅಂತ ಒಂದು ಸಾಲು ಸೇರಿಸಿ. ಹಿಂದೊಮ್ಮೆ ಡೆಂಗ್ಯೂ ಬಂದು ಹೋದವರಲ್ಲಿ ಎರಡನೇ ಸಲ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಬೇಗ ಏರುತ್ತದೆ, ಐಜಿಎಂ ಕಡಿಮೆ ಇರಬಹುದು, ಕೆಲವರಲ್ಲಿ ಕಾಣದೆಯೂ ಇರಬಹುದು. ತೀವ್ರ ಡೆಂಗ್ಯೂ ಅಪಾಯ ಜಾಸ್ತಿ ಇರುವುದು ಇವರಿಗೇ ಅನ್ನುವುದು ನೆನಪಿರಲಿ.

ಪಾಸಿಟಿವ್‌ಗೂ ಮಿತಿಯಿದೆ. ಐಜಿಎಂ ತಿಂಗಳುಗಟ್ಟಲೆ ಉಳಿಯುವುದರಿಂದ, ಇವತ್ತಿನ ಜ್ವರ ಬೇರೆಯದಾಗಿದ್ದು ಎರಡು ತಿಂಗಳ ಹಿಂದಿನ ಡೆಂಗ್ಯೂ ಈಗ ಪಾಸಿಟಿವ್ ತೋರಿಸುತ್ತಿರಬಹುದು. ಡೆಂಗ್ಯೂ ಫ್ಲಾವಿವೈರಸ್ ಕುಟುಂಬದ್ದು. ಜಪಾನೀಸ್ ಎನ್‌ಸೆಫಲೈಟಿಸ್, ಜಿಕಾ, ವೆಸ್ಟ್ ನೈಲ್, ಮಂಗನ ಕಾಯಿಲೆ ಎಲ್ಲವೂ ಅದೇ ಕುಟುಂಬ. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಮಲೆನಾಡು ಕಡೆಯಿಂದ ಬೇಸಿಗೆಯಲ್ಲಿ ಬಂದ, ಕಾಡಿಗೆ ಹೋಗುವ ವ್ಯಕ್ತಿಯ ರಕ್ತದಲ್ಲಿ ಡೆಂಗ್ಯೂ ಐಜಿಎಂ ಅಲ್ಪ ಏರಿದ್ದರೆ ಮಂಗನ ಕಾಯಿಲೆಯ ಪರೀಕ್ಷೆಗೂ ಮಾದರಿ ಕಳಿಸಿ ಅಂತ ವೈದ್ಯರಿಗೆ ಹೇಳಿ. ಫಾರಂನಲ್ಲಿ ಲಸಿಕೆ, ಕಾಡು ಅಂತ ಕೇಳಿದ್ದು ಇದಕ್ಕೇ. ಸಂಧಿವಾತದವರಲ್ಲಿರುವ ರುಮಟಾಯ್ಡ್ ಫ್ಯಾಕ್ಟರ್ ಕೂಡ ಕೆಲವೊಮ್ಮೆ ಸುಳ್ಳು ಪಾಸಿಟಿವ್ ಕೊಡುತ್ತದೆ.

ಅನುಮಾನ ಬಿಡದಿದ್ದರೆ ಹತ್ತು ಹದಿನಾಲ್ಕು ದಿನದ ಅಂತರದಲ್ಲಿ ಎರಡು ಸೀರಮ್ ತೆಗೆದು ಒಟ್ಟಿಗೇ ಪರೀಕ್ಷಿಸಬೇಕು. ಐಜಿಜಿ ಟೈಟರ್ (ಪ್ರತಿಕಾಯದ ಮಟ್ಟ) ನಾಲ್ಕು ಪಟ್ಟು ಏರಿದ್ದರೆ ಸೋಂಕು ಈಗಿನದೇ. ಮೊದಲ ಮಾದರಿ ಎಸೆಯದೆ ಮೈನಸ್ 20ರಲ್ಲಿ ಇಟ್ಟಿದ್ದರೆ ಮಾತ್ರ ಇದು ಸಾಧ್ಯ.

ಕಾರ್ಡ್ ಪರೀಕ್ಷೆಯ ವಿಷಯಕ್ಕೆ ಬಂದರೆ, ರಾಷ್ಟ್ರೀಯ ಕಾರ್ಯಕ್ರಮ ಅದನ್ನು ಖಚಿತ ಅಂತ ಒಪ್ಪುವುದಿಲ್ಲ, ಎಲಿಸಾವನ್ನೇ ಕೇಳುತ್ತದೆ. ಚೀಟಿ ಹೇಳಿದ ಸಮಯ ದಾಟಿ ಅರ್ಧ ಗಂಟೆ ಆದ ಮೇಲೆ ಕಾರ್ಡಿನಲ್ಲಿ ಮೂಡುವ ತೆಳು ಗೆರೆಗೆ ಬೆಲೆ ಇಲ್ಲ.

ಜ್ವರ ಬಿಟ್ಟ ಮೇಲೆ "ಐಜಿಎಂ ಹೋಗಿದೆಯಾ ನೋಡಿ" ಅಂತ ಬರುವವರಿಗೆ ಬೇಡ ಅನ್ನಿ. ದುಡ್ಡು ದಂಡ. ಆದರೆ ರಿಪೋರ್ಟ್ ತೆಗೆದುಕೊಳ್ಳಲು ಬಂದವರು ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಅಂತ ಹೇಳಿದರೆ ಐಜಿಎಂ ನೆಗೆಟಿವ್ ಇದ್ದರೂ ತಕ್ಷಣ ವೈದ್ಯರ ಹತ್ತಿರ ಕಳಿಸಿ.

## ಏನೋ ಎಡವಟ್ಟಾಗಿದೆ ಅನ್ನಿಸಿದಾಗ

ಎಲ್ಲ ವೆಲ್‌ಗೂ ಹಳದಿ. ತೊಳೆದದ್ದು ಸಾಲದು, ಅಥವಾ ಟಿಎಂಬಿ ಕೆಟ್ಟಿದೆ. ಖಾಲಿ ವೆಲ್‌ಗೆ ಟಿಎಂಬಿ ಮಾತ್ರ ಹಾಕಿ ನೋಡಿ, ತಿಳಿಯುತ್ತದೆ.

ಯಾವುದಕ್ಕೂ ಬಣ್ಣವಿಲ್ಲ, ಪಾಸಿಟಿವ್ ಕಂಟ್ರೋಲ್‌ಗೂ. ಒಂದು ಪದರ ಬಿಟ್ಟುಹೋಗಿದೆ ಅಥವಾ ಕ್ರಮ ತಪ್ಪಿದೆ. ಪ್ರತಿ ಬಾಟಲಿ ಹಾಕಿದ ಕೂಡಲೇ ಹಾಳೆಯ ಮೇಲೆ ಟಿಕ್ ಹಾಕುವ ಅಭ್ಯಾಸ ಇದಕ್ಕೇ.

ಅಂಚಿನ ವೆಲ್‌ಗಳು ಮಾತ್ರ ಎತ್ತರ. ಸೀಲರ್ ಸರಿ ಅಂಟಿಲ್ಲ, ಅಥವಾ ತಣ್ಣನೆಯ ಪ್ಲೇಟ್ ನೇರ ಇನ್‌ಕ್ಯುಬೇಟರ್‌ಗೆ ಹೋಗಿದೆ.

ಜೋರು ಪಾಸಿಟಿವ್‌ನ ಪಕ್ಕದ ವೆಲ್ ಕೂಡ ಪಾಸಿಟಿವ್. ಚೆಲ್ಲುವಾಗ ಹರಿದಿರುತ್ತದೆ. ಆ ಮಾದರಿಯನ್ನು ಬೇರೆ ಜಾಗದಲ್ಲಿ ಮತ್ತೆ ಮಾಡಿ.

ಇದ್ದಕ್ಕಿದ್ದಂತೆ ಬಂದ ಮಾದರಿಗಳೆಲ್ಲ ಪಾಸಿಟಿವ್. ಊರಿನಲ್ಲಿ ಡೆಂಗ್ಯೂ ಜೋರಾಗಿದೆ ಅಂತ ಘೋಷಿಸುವ ಮುಂಚೆ, ಹಿಂದಿನ ವಾರ ನೆಗೆಟಿವ್ ಬಂದ ಎರಡು ಸೀರಮ್‌ಗಳನ್ನು ಸೇರಿಸಿ ಪ್ಲೇಟ್ ಮತ್ತೆ ಓಡಿಸಿ.

## ಕೊನೆಗೆ ಮೇಜು ತೆರವು ಮಾಡುವಾಗ

ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಟಿಪ್ ಮತ್ತು ಪ್ಲಾಸ್ಟಿಕ್ ಕೆಂಪು ಚೀಲಕ್ಕೆ. ಸೀರಮ್ ಚೆಲ್ಲಿದ ಕಡೆ ಶೇಕಡಾ 1ರ ಹೈಪೋಕ್ಲೋರೈಟ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಆದರೆ ಓದಿ ಮುಗಿದ ಪ್ಲೇಟನ್ನು ಅದೇ ಹೈಪೋಕ್ಲೋರೈಟ್ ಬಕೆಟ್‌ಗೆ ಬಗ್ಗಿಸಬೇಡಿ. ಅದರಲ್ಲಿ ಸ್ಟಾಪ್ ಸೊಲ್ಯೂಷನ್‌ನ ಆಮ್ಲ ಇದೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಆಮ್ಲ ಬಿದ್ದ ಪ್ಲೇಟಿಗೆ ಬೇರೆ ಪಾತ್ರೆ ಇಡಿ, ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.